ಕೋವಿಯ ಮದ್ದಿಗೂ ಅಳತೆ ಬೇಕು

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವಾಗ ನಮ್ಮ ಮಲೆನಾಡಿನ ರೈತರು ಅಳತೆ ತಪ್ಪುವುದಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಬೇಕು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದು ಎಂಬುದು ಕೂಲಿ ಆಳಿಗೂ ಗೊತ್ತು. ಕೊನೆಗೆ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಬಣ್ಣ ಕೂತರೆ ಇನ್ನಷ್ಟು ಸುಣ್ಣ ಸೇರಿಸುತ್ತಾರೆ. ಇಷ್ಟು ಜಾಗರೂಕತೆಯಿಂದ ಔಷಧಿ ಕೂಡಿಸುವ ಅದೇ ಕೈ, ರಾತ್ರಿ ಗದ್ದೆಗೆ ಹಂದಿ ಕಾಯಲು ಹೊರಟಾಗ ಕೇಪಿನ ಕೋವಿಯ ನಳಿಗೆಗೆ ಮದ್ದನ್ನು ಅಂದಾಜಿನಲ್ಲಿ ಸುರಿಯುತ್ತದೆ. ಒಬ್ಬರಿಗೆ ಅಂಗೈ ಗುಳಿಯೇ ಅಳತೆ, ಇನ್ನೊಬ್ಬರಿಗೆ ಬೆಂಕಿಪೊಟ್ಟಣದ ಗೂಡು, ಮತ್ತೊಬ್ಬರಿಗೆ ಬಾಟಲಿಯ ಮುಚ್ಚಳ. "ಇವತ್ತು ದೊಡ್ಡ ಒಂಟಿಹಂದಿ ಬಂದೀತು" ಎಂದು ಒಂದು ಚಿಟಿಕೆ ಹೆಚ್ಚು ಹಾಕುವವರೂ ಇದ್ದಾರೆ.

ಔಷಧಿಯ ಅಳತೆ ತಪ್ಪಿದರೆ ಒಂದು ವರ್ಷದ ಫಸಲು ಹೋಗುತ್ತದೆ. ಮದ್ದಿನ ಅಳತೆ ತಪ್ಪಿದರೆ ಬೆರಳು ಹೋಗುತ್ತದೆ, ಕಣ್ಣು ಹೋಗುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಬದುಕುವ ನಾವು ಆ ಕೈಯನ್ನೇ ಕಳೆದುಕೊಂಡರೆ ಮನೆಯ ಗತಿಯೇನು? ಆದ್ದರಿಂದ ಕೋವಿ ಇರುವ ರೈತರು ಈ ವಿಷಯವನ್ನು ಗೊಬ್ಬರ ಮತ್ತು ಬೀಜದ ವಿಷಯದಷ್ಟೇ ಗಮನದಿಂದ ವಿಚಾರ ಮಾಡಬೇಕೆಂದು ನನ್ನ ಅಭಿಪ್ರಾಯ.

ಕಾನೂನೇ ಕೊಡಿಸಿದ ಕೋವಿ

ಬೆಳೆ ರಕ್ಷಣೆಗೆಂದು ನಮ್ಮಲ್ಲಿ ಕೇಪಿನ ಕೋವಿಯೇ ಏಕೆ ಹೆಚ್ಚು ಎಂಬ ಪ್ರಶ್ನೆಗೆ ಉತ್ತರ ಕಾನೂನಿನಲ್ಲೇ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ನಿಜವಾದ ಬೆಳೆ ರಕ್ಷಣೆಯ ಸಲುವಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಿಗೆ ಕೊಡುವ ಮಾತನ್ನು ಹೇಳುತ್ತದೆ. ಅಂಥ ಕೋವಿ ಸಾಲದು ಎಂದು ಪರವಾನಿಗೆ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಕೋವಿಗೂ, ಅಂದರೆ ತೋಟೆ ಹಾಕುವ ಕೋವಿಗೂ, ಪರವಾನಿಗೆ ಕೊಡಬಹುದೆಂದು ಅದೇ ಕಲಮಿನಲ್ಲಿದೆ. ಈ ಎರಡನೆಯ ಮಾತು ಬಹಳ ರೈತರಿಗೆ ತಿಳಿದಿಲ್ಲ.

ಕೊಡಗಿನ ಸಂಗತಿ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರ ಕಾಲದಿಂದ ಕೋವಿಯ ಪರವಾನಿಗೆಯಿಂದ ವಿನಾಯಿತಿ ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಈ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಅಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ನಡೆಯುತ್ತವೆ. ಅಲ್ಲಿ ಮಕ್ಕಳು ಹಿರಿಯರ ಕಣ್ಣೆದುರಿಗೆ ಕೋವಿ ಹಿಡಿಯುವ ಕ್ರಮವನ್ನು ಕಲಿಯುತ್ತಾರೆ.

ಉಳಿದ ಜಿಲ್ಲೆಗಳಲ್ಲಿ ಹಾಗಿಲ್ಲ. ಅಜ್ಜನ ಹೆಸರಿನ ಕೋವಿ ಮೊಮ್ಮಗನ ಹೆಸರಿಗೆ ವರ್ಗವಾಗಿರುತ್ತದೆ. ಕೋವಿಯ ಜೊತೆಗೆ ಅಜ್ಜನ ಅನುಭವ ವರ್ಗವಾಗುವುದಿಲ್ಲ. ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಒಂದಿದೆ. ತೋಟೆ ಕೋವಿಯವರಿಗೆ ಮದ್ದು, ಚರೆ, ಕೇಪು ಎಲ್ಲವನ್ನೂ ಕಾರ್ಖಾನೆಯವರೇ ತೂಗಿ ತುಂಬಿ ಕೊಟ್ಟಿರುತ್ತಾರೆ. ಕೇಪಿನ ಕೋವಿಯವರು ಪ್ರತಿ ಈಡನ್ನೂ ಸ್ವತಃ ಕೂಡಿಸಬೇಕು. ಎಂದರೆ, ಹೆಚ್ಚು ತಿಳಿವಳಿಕೆ ಬೇಡುವ ಕೋವಿಯನ್ನು ಕಡಿಮೆ ತರಬೇತಿ ಪಡೆದ ಕೈಗೆ ಕೊಟ್ಟಂತಾಗಿದೆ.

ರೈಫಲ್‌ನವರ ಶಿಸ್ತು

ಈಡನ್ನು ಕೈಯಾರೆ ಕೂಡಿಸುವ ಕೆಲಸ ನಮ್ಮಲ್ಲಿ ಮಾತ್ರ ಇದೆ ಎಂದು ತಿಳಿಯಬಾರದು. ಅಮೆರಿಕದಂಥ ದೇಶಗಳಲ್ಲಿ ಗುರಿಪಂದ್ಯಕ್ಕೆ ಹೋಗುವ ರೈಫಲ್‌ಗಾರರು ತಮ್ಮ ತೋಟೆಗಳನ್ನು ಮನೆಯಲ್ಲೇ ತುಂಬಿಕೊಳ್ಳುವ ಪದ್ಧತಿ ಬಹಳ ಹಿಂದಿನಿಂದ ಇದೆ. ಅಂಗಡಿಯಲ್ಲಿ ಬೇಕಾದಷ್ಟು ತೋಟೆ ಸಿಗುವಾಗ ಈ ತಾಪತ್ರಯ ಏಕೆ? ಕಾರಣ ಸರಳ. ಕಾರ್ಖಾನೆಯ ತೋಟೆ ಆ ಅಳತೆಯ ಎಲ್ಲ ರೈಫಲ್‌ಗಳಿಗೂ ಹೊಂದಬೇಕು. ಅದು ಸಿದ್ಧ ಉಡುಪು ಇದ್ದಂತೆ. ತನ್ನ ಒಂದೇ ರೈಫಲಿಗೆ ಸರಿಹೊಂದುವ ತೋಟೆ ಬೇಕೆಂದರೆ ದರ್ಜಿಯಂತೆ ಅಳತೆ ತೆಗೆದು ಹೊಲಿಯಬೇಕಾಗುತ್ತದೆ.

ಆ ಕೆಲಸದ ಕ್ರಮ ಹೀಗಿದೆ. ಒಮ್ಮೆ ಹಾರಿದ ಖಾಲಿ ಹಿತ್ತಾಳೆ ತೋಟೆಯನ್ನು ಮೊದಲು ಬಿರುಕು ಇದೆಯೇ ಎಂದು ನೋಡುತ್ತಾರೆ. ಬಿರುಕಿದ್ದರೆ ಎಸೆಯುತ್ತಾರೆ. ಸಿಡಿದಾಗ ಉಬ್ಬಿದ ತೋಟೆಯನ್ನು ಅಚ್ಚಿನೊಳಗೆ ಒತ್ತಿ ಮೊದಲಿನ ಆಕಾರಕ್ಕೆ ತರುತ್ತಾರೆ. ಕತ್ತು ಉದ್ದವಾಗಿದ್ದರೆ ಕತ್ತರಿಸಿ ಎಲ್ಲವನ್ನೂ ಒಂದೇ ಉದ್ದಕ್ಕೆ ತರುತ್ತಾರೆ. ಹಳೆಯ ಕೇಪನ್ನು ತೆಗೆದು ಹೊಸದನ್ನು ಕೂರಿಸುತ್ತಾರೆ. ಮದ್ದನ್ನು ತಕ್ಕಡಿಯಲ್ಲಿ ತೂಗಿ ಹಾಕುತ್ತಾರೆ. ಕೊನೆಗೆ ಗುಂಡನ್ನು ಪ್ರತಿ ತೋಟೆಯಲ್ಲೂ ಅಷ್ಟೇ ಆಳಕ್ಕೆ ಇಳಿಸುತ್ತಾರೆ. ಎಷ್ಟು ಮದ್ದು ಎಂಬುದನ್ನು ತಾವಾಗಿ ನಿರ್ಧರಿಸುವುದಿಲ್ಲ. ಮದ್ದು ತಯಾರಿಸುವವರು ಅಚ್ಚು ಹಾಕಿಸಿದ ಕೈಪಿಡಿ ಇರುತ್ತದೆ. ಅದರಲ್ಲಿ ಹೇಳಿದ ಕನಿಷ್ಠ ಅಳತೆಯಿಂದ ಆರಂಭಿಸುತ್ತಾರೆ, ಗರಿಷ್ಠ ಅಳತೆಯನ್ನು ಎಂದಿಗೂ ದಾಟುವುದಿಲ್ಲ.

ಅವರ ತಕ್ಕಡಿಯ ನಯವನ್ನು ಕೇಳಿದರೆ ನಮ್ಮ ರೈತರಿಗೆ ಆಶ್ಚರ್ಯವಾದೀತು. ಅವರು ಬಳಸುವ ತೂಕದ ಹೆಸರು ಗ್ರೇನ್, ಅಂದರೆ ಕಾಳು. ಹಿಂದೆ ಬಾರ್ಲಿ ಕಾಳಿನ ತೂಕದಿಂದ ಬಂದ ಹೆಸರದು. ನಮ್ಮ ಅಕ್ಕಸಾಲಿಗರು ಗುಲಗಂಜಿಯಲ್ಲಿ ಚಿನ್ನ ತೂಗಿದ ಹಾಗೆ. ಒಂದು ಪೌಂಡಿಗೆ 7000 ಗ್ರೇನ್. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ಹೆಚ್ಚುಕಡಿಮೆ ಮೂರು ಬತ್ತದ ಕಾಳು. ಅವರ ತಕ್ಕಡಿ ಈ ಗ್ರೇನಿನ ಹತ್ತನೇ ಒಂದು ಭಾಗವನ್ನೂ ತೋರಿಸುತ್ತದೆ. ಅದು ಸುಮಾರು ಎರಡು ರಾಗಿಕಾಳಿನ ತೂಕ! ಎರಡು ರಾಗಿಕಾಳಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವವರು ಅವರು. ನಾವು ಅಂಗೈ ಗುಳಿಯವರು.

ಇನ್ನೊಂದು ವಿಷಯ. ಅವರು ಒಂದು ಬಾರಿಗೆ ಒಂದೇ ಬದಲಾವಣೆ ಮಾಡುತ್ತಾರೆ. ಮದ್ದನ್ನು ಬದಲಿಸಿದರೆ ಗುಂಡನ್ನು ಬದಲಿಸುವುದಿಲ್ಲ. ಒಂದೊಂದು ಅಳತೆಯಲ್ಲೂ ಕೆಲವು ತೋಟೆ ತುಂಬಿ, ಕಾಗದದ ಗುರಿಗೆ ಹೊಡೆದು, ತೂತುಗಳು ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ಎಂದು ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ನಮ್ಮ ಪ್ರಾತ್ಯಕ್ಷಿಕೆ ತಾಕಿನ ಪದ್ಧತಿಯೂ ಇದೇ ಅಲ್ಲವೇ? ಹೊಸ ತಳಿ, ಹೊಸ ಗೊಬ್ಬರ, ಹೊಸ ಔಷಧಿ ಮೂರನ್ನೂ ಒಂದೇ ಗದ್ದೆಗೆ ಒಟ್ಟಿಗೆ ಹಾಕಿದರೆ ಇಳುವರಿ ಯಾವುದರಿಂದ ಹೆಚ್ಚಿತು ಎಂದು ಯಾರೂ ಹೇಳಲಾರರು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಇದನ್ನು ಓದಿ ಯಾರೂ ಖಾಲಿ ತೋಟೆಗಳನ್ನು ಮನೆಯಲ್ಲಿ ಮರುತುಂಬಲು ಹೊರಡಬಾರದು. ನಮ್ಮ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ಪರವಾನಿಗೆಯಿಲ್ಲದೆ ಮದ್ದುಗುಂಡು ತಯಾರಿಸುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ತೋಟೆ ಕೋವಿ ಇರುವವರು ಪರವಾನಿಗೆ ತೋರಿಸಿ ಅಂಗಡಿಯ ತೋಟೆಯನ್ನೇ ಕೊಳ್ಳಬೇಕು. ರೈಫಲ್‌ನವರಿಂದ ನಾವು ಕಲಿಯಬೇಕಾದದ್ದು ಅವರ ಯಂತ್ರಗಳನ್ನಲ್ಲ, ಅವರ ಶಿಸ್ತನ್ನು.

ಹೆಚ್ಚು ಹಾಕಿದರೆ ಹೆಚ್ಚು ಹೊಡೆಯುವುದೇ?

ಹಳ್ಳಿಗಳಲ್ಲಿ ಬೇರೂರಿದ ಒಂದು ನಂಬಿಕೆ ಎಂದರೆ ಮದ್ದು ಹೆಚ್ಚಾದಷ್ಟೂ ಕೋವಿಯ ಬಲ ಹೆಚ್ಚು ಎಂಬುದು. ಯೂರಿಯಾ ಹೆಚ್ಚಾದಷ್ಟೂ ಬತ್ತ ಹೆಚ್ಚು ಎಂಬ ನಂಬಿಕೆಯ ತಮ್ಮ ಇದು. ಅಳತೆ ಮೀರಿದ ಯೂರಿಯಾ ಹಾಕಿದ ಗದ್ದೆ ಹಸಿರಾಗಿ ಕಾಣುತ್ತದೆ ನಿಜ. ಆದರೆ ಪೈರು ಮಲಗುತ್ತದೆ, ಬೆಂಕಿರೋಗ ಹತ್ತುತ್ತದೆ, ಜಿಗಿಹುಳು ಸೇರುತ್ತದೆ. ಕೋವಿಯಲ್ಲಿಯೂ ಹಾಗೆಯೇ. ಅಳತೆ ಮೀರಿದ ಮದ್ದು ಸದ್ದು ಜಾಸ್ತಿ ಮಾಡುತ್ತದೆ, ಹೊಗೆ ಜಾಸ್ತಿ ಕಾರುತ್ತದೆ, ಹೆಗಲಿಗೆ ಜೋರಾಗಿ ಒದೆಯುತ್ತದೆ. ಗುರಿಗೆ ಮಾತ್ರ ಒಳ್ಳೆಯದು ಮಾಡುವುದಿಲ್ಲ.

ಕಾರಣ ಹೀಗಿದೆ. ನಳಿಗೆಯ ಉದ್ದದೊಳಗೆ ಉರಿದು ಮುಗಿಯುವಷ್ಟು ಮದ್ದು ಮಾತ್ರ ಉಪಯೋಗಕ್ಕೆ ಬರುತ್ತದೆ. ಅದಕ್ಕಿಂತ ಹೆಚ್ಚಿನದು ಬಾಯಿಯಿಂದ ಕಿಡಿಯಾಗಿ ಹೊರಗೆ ಹಾರುತ್ತದೆ. ಚರೆ ಹಾಕಿದ ಕೋವಿಯಲ್ಲಿ ಮದ್ದು ಅತಿಯಾದರೆ ಚರೆಗಳು ಒತ್ತಾಗಿ ಹೋಗದೆ ಚದುರಿ ನಡುವೆ ಬರಿದಾಗುತ್ತದೆ. ಪ್ರಾಣಿ ಆ ಬರಿದಾದ ಜಾಗದಲ್ಲಿ ನಿಂತಿದ್ದರೆ ಸಾಯುವುದಿಲ್ಲ. ಒಂದೆರಡು ಚರೆ ತಾಗಿ ಗಾಯವಾಗುತ್ತದೆ. ಗಾಯಗೊಂಡ ಹಂದಿ ಎಷ್ಟು ಅಪಾಯಕಾರಿ ಎಂಬುದನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಮರುದಿನ ಬೆಳಿಗ್ಗೆ ಅದು ಮಲಗಿರುವ ಪೊದೆಯ ಹತ್ತಿರ ಹುಲ್ಲು ಕೊಯ್ಯಲು ಹೋಗುವವರು ನಮ್ಮ ಮನೆಯ ಹೆಂಗಸರೇ.

ಇನ್ನು ನಳಿಗೆಯ ಮಾತು. ಮದ್ದು ಸ್ವಲ್ಪ ಹೆಚ್ಚಿದರೆ ಗುಂಡಿನ ವೇಗ ಸ್ವಲ್ಪ ಹೆಚ್ಚಬಹುದು, ಆದರೆ ಒಳಗಿನ ಒತ್ತಡ ಅದಕ್ಕಿಂತ ಬಹಳ ಬೇಗ ಏರುತ್ತದೆ. ನಮ್ಮ ಕೋವಿಗಳಲ್ಲಿ ಎಷ್ಟೋ ಹಳೆಯ ಕಾಲದವು. ಮಳೆನಾಡಿನ ತೇವದಲ್ಲಿ ಒಳಗೆ ತುಕ್ಕು ತಿಂದು ಲೋಹ ಸವೆದಿರುತ್ತದೆ. ಹೊರಗಿನ ಎಣ್ಣೆಯ ಹೊಳಪು ನೋಡಿ ಅದರ ಆರೋಗ್ಯ ತಿಳಿಯದು. ಮಳೆಗಾಲದಲ್ಲಿ ಇನ್ನೊಂದು ಮೋಸವಿದೆ. ತೇವ ಹೀರಿದ ಮದ್ದು ಮಂದವಾಗಿ ಉರಿಯುತ್ತದೆ, ಈಡು ಸಪ್ಪೆಯಾಗುತ್ತದೆ. "ಮದ್ದು ಸಾಲದು" ಎಂದು ಅಳತೆ ಹೆಚ್ಚಿಸಿಕೊಂಡವರು ಬೇಸಿಗೆಯಲ್ಲಿ ಒಣಗಿದ ಮದ್ದನ್ನೂ ಅದೇ ಹೆಚ್ಚಿನ ಅಳತೆಯಲ್ಲಿ ಹಾಕುತ್ತಾರೆ. ಆಗ ನಳಿಗೆ ತಡೆಯುವುದಿಲ್ಲ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಗುರಿ ಎಂಬುದು ಸಮತೆಯ ಫಲ. ನಿನ್ನೆಯ ಈಡು ಹೇಗೋ ಇವತ್ತಿನದೂ ಹಾಗೆಯೇ ಇದ್ದರೆ ಮಾತ್ರ, ನಿನ್ನೆ ಎಲ್ಲಿ ತಾಗಿತು ಎಂಬ ಅನುಭವ ಇವತ್ತು ಕೆಲಸಕ್ಕೆ ಬರುತ್ತದೆ. ಪ್ರತಿ ಸಲ ಅಳತೆ ಬದಲಾಗುವ ಕೋವಿಗೆ ಎಷ್ಟು ವರ್ಷದ ಅನುಭವವಿದ್ದರೂ ಅದು ಅನುಭವವಾಗುವುದಿಲ್ಲ.

ಪಾಲಿಸಬೇಕಾದ ಕ್ರಮ

ನಿಮ್ಮ ಕೋವಿಗೆ ಎಷ್ಟು ಮದ್ದು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ನಳಿಗೆಯ ಅಗಲ, ಉದ್ದ, ವಯಸ್ಸು, ಮದ್ದಿನ ಕಾಳಿನ ಗಾತ್ರ ಇವುಗಳ ಮೇಲೆ ಅದು ನಿಂತಿದೆ. ಪತ್ರಿಕೆಯಲ್ಲಿ ಓದಿ ಹಾಕುವ ಅಳತೆ ಅದಲ್ಲ. ಪರವಾನಿಗೆ ಇರುವ ಕೋವಿ ರಿಪೇರಿಯವರಿಗೆ ಕೋವಿಯನ್ನು ತೋರಿಸಿ, ನಳಿಗೆ ಪರೀಕ್ಷೆ ಮಾಡಿಸಿ, ಅವರಿಂದಲೇ ಅಳತೆ ಕೇಳಿ ತಿಳಿದುಕೊಳ್ಳಿ. "ಇದು ಇನ್ನು ಹೊಡೆಯಲು ಯೋಗ್ಯವಲ್ಲ" ಎಂದು ಅವರು ಹೇಳಿದರೆ ಅಜ್ಜನ ಕೋವಿ ಎಂಬ ಅಭಿಮಾನವನ್ನು ಬದಿಗಿಟ್ಟು ಆ ಮಾತನ್ನು ಕೇಳಿ. ಆ ಮೇಲೆ ಈ ಕೆಳಗಿನ ಕ್ರಮಗಳನ್ನು ತಪ್ಪದೆ ಪಾಲಿಸಿ.

1. ತಿಳಿದುಕೊಂಡ ಅಳತೆಗೆ ಸರಿಯಾಗಿ ಒಂದು ಹಿತ್ತಾಳೆಯ ಅಳತೆ ಗೂಡನ್ನು ಮಾಡಿಸಿಟ್ಟುಕೊಳ್ಳಿ. ತಲೆ ಸವರಿ ತುಂಬಿ. ಸೇರು ಪಾವು ಅಳೆಯುವಾಗ ಗೋಪುರ ಬಿಡದೆ ಸವರುವ ಹಾಗೆ.

2. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಎಂದಿಗೂ ಸುರಿಯಬೇಡಿ. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಇಡೀ ಡಬ್ಬಿ ಕೈಯಲ್ಲೇ ಸಿಡಿಯುತ್ತದೆ. ಅಳತೆ ಗೂಡಿನಿಂದಲೇ ಸುರಿಯಿರಿ.

3. ಬೋರ್ಡೋ ದ್ರಾವಣದಲ್ಲಿರುವಂತೆ ಇಲ್ಲಿಯೂ ಕ್ರಮ ಮುಖ್ಯ. ಮದ್ದು, ಜಡಿತ, ಗುಂಡು ಅಥವಾ ಚರೆ, ಮೇಲಿನ ಜಡಿತ. ಕೇಪು ಎಲ್ಲಕ್ಕಿಂತ ಕೊನೆಗೆ, ಅದೂ ಹೊಡೆಯುವ ಜಾಗ ತಲುಪಿದ ಮೇಲೆ. ಕೇಪು ಹಾಕಿದ ಕೋವಿ ಹೆಗಲಿಗೇರಿಸಿ ಬೇಲಿ ದಾಟುವುದು, ಮರದ ಅಟ್ಟಣೆ ಹತ್ತುವುದು ಸಾವಿಗೆ ಕರೆ ಕಳಿಸಿದಂತೆ.

4. ಗುಂಡು ಮದ್ದಿನ ಮೇಲೆ ಬಿಗಿಯಾಗಿ ಕೂರಬೇಕು. ನಡುವೆ ಗಾಳಿಯ ಜಾಗ ಉಳಿದರೆ ಆ ಸ್ಥಳದಲ್ಲಿ ನಳಿಗೆ ಉಬ್ಬಬಹುದು, ಬಿರಿಯಬಹುದು.

5. ಈಡು ಜಡಿಯುವ ಸಲಾಕೆಯ ಮೇಲೆ ಎರಡು ಗೀರು ಹಾಕಿಡಿ. ಖಾಲಿ ನಳಿಗೆಗೆ ಇಳಿಸಿದಾಗ ಬಾಯಿಯ ಹತ್ತಿರ ಬರುವ ಗೀರು ಒಂದು, ಸರಿಯಾದ ಈಡು ತುಂಬಿದಾಗ ಬರುವ ಗೀರು ಇನ್ನೊಂದು. ತುಂಬಿದ್ದೇನೆಯೇ ಇಲ್ಲವೇ ಎಂಬ ಸಂಶಯದಲ್ಲಿ ಈಡಿನ ಮೇಲೆ ಈಡು ತುಂಬಿ ಅಪಘಾತವಾಗುವುದುಂಟು. ಈ ಎರಡು ಗೀರು ಅದನ್ನು ತಪ್ಪಿಸುತ್ತದೆ. ಕಾಸಿನ ಖರ್ಚಿಲ್ಲ.

6. ಕೇಪು ಸಿಡಿದು ಈಡು ಹಾರದಿದ್ದರೆ ಕೋವಿಯನ್ನು ಇಳಿಸಬೇಡಿ, ಬಾಯಿಯೊಳಗೆ ಇಣುಕಬೇಡಿ. ಜನ ಜಾನುವಾರು ಇಲ್ಲದ ಕಡೆಗೆ ನಳಿಗೆ ಹಿಡಿದು ಕನಿಷ್ಠ ಎರಡು ನಿಮಿಷ ಕಾಯಿರಿ. ಒಳಗೆ ಮದ್ದು ಹೊಗೆಯಾಡುತ್ತಿದ್ದು ತಡವಾಗಿ ಹಾರಬಹುದು.

7. ಹೊಡೆದ ದಿನವೇ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಸವರಿ. ಕಪ್ಪು ಮದ್ದಿನ ಕಿಟ್ಟ ತೇವ ಹೀರಿ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಸುತ್ತದೆ. ಚುನಾವಣೆಯ ಕಾಲದಲ್ಲಿ ಠಾಣೆಯಲ್ಲಿಟ್ಟ ಕೋವಿಯನ್ನು ತಂದ ಮೇಲೂ ಇದೇ ಉಪಚಾರ ಆಗಬೇಕು. ನಳಿಗೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದೆಯೇ ಎಂದು ನೋಡದೆ ತುಂಬಬಾರದು.

8. ತೇವ ತಗಲಬಾರದೆಂದು ಮದ್ದನ್ನು ಒಲೆಯ ಮೇಲಿನ ಅಟ್ಟದಲ್ಲಿಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಬೆಂಕಿಯಿಂದ ದೂರ, ಮಕ್ಕಳಿಗೆ ಎಟುಕದಂತೆ ಬೀಗ ಹಾಕಿಡಿ. ಕೋವಿ ಒಂದು ಕಡೆ, ಮದ್ದು ಒಂದು ಕಡೆ, ಕೇಪು ಇನ್ನೊಂದು ಕಡೆ ಇರಲಿ. ಈಡು ತುಂಬಿದ ಕೋವಿ ಮನೆಯೊಳಗೆ ಬರಲೇಬಾರದು. ಮದ್ದು ಅಳೆಯುವಾಗ ಬೀಡಿ ಸೇದುವವರನ್ನು ಅಂಗಳದಾಚೆ ಕಳಿಸಿ.

ಮದ್ದು ಯಾವುದು?

ಅಳತೆ ಎಷ್ಟೇ ಸರಿಯಿದ್ದರೂ ಮದ್ದೇ ಸರಿಯಿಲ್ಲದಿದ್ದರೆ ಅಳತೆಗೆ ಅರ್ಥವಿಲ್ಲ. ಕೇಪಿನ ಕೋವಿಗೆ ಹೇಳಿದ್ದು ಕಪ್ಪು ಕೋವಿಮದ್ದು ಮಾತ್ರ. ತೋಟೆ ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಹಾಕುವುದಕ್ಕಿಂತ ದೊಡ್ಡ ಅವಿವೇಕ ಇನ್ನೊಂದಿಲ್ಲ. ನೋಡಲು ಎರಡೂ ಕರಿ ಪುಡಿಯೇ ಆದರೂ ಒತ್ತಡ ಏರುವ ರೀತಿ ಬೇರೆ. ಕಪ್ಪು ಮದ್ದಿಗಾಗಿ ಮಾಡಿದ ನಳಿಗೆ ಅದನ್ನು ತಡೆಯದೆ ಒಡೆಯುತ್ತದೆ. ಪಟಾಕಿ ಒಡೆದು ತೆಗೆದ ಮದ್ದು, ಮನೆಯಲ್ಲಿ ಅರೆದ ಮದ್ದು ಇವುಗಳ ಮಾತೂ ಅಷ್ಟೇ. ಸಣ್ಣ ಪುಳ್ಳೆ ಬೇಗ ಉರಿಯುತ್ತದೆ, ದಿಮ್ಮಿ ನಿಧಾನ ಉರಿಯುತ್ತದೆ. ಮದ್ದಿನ ಕಾಳು ನುಣುಪಾದಷ್ಟೂ ಅದು ಬೇಗ ಉರಿದು ಒತ್ತಡ ಏರಿಸುತ್ತದೆ. ಒಂದು ಸಲದ ಅರೆತದಂತೆ ಇನ್ನೊಂದು ಸಲದ್ದು ಇರುವುದಿಲ್ಲ. ಅರೆಯುವಾಗಲೇ ಸಿಡಿಯುವ ಅಪಾಯವಂತೂ ಇದ್ದೇ ಇದೆ, ಕಾನೂನಿನ ಶಿಕ್ಷೆಯೂ ಇದೆ. ಚೀಟಿಯಿಲ್ಲದ ಬೀಜವನ್ನು ಬಿತ್ತಬೇಡಿ ಎಂದು ನಾವು ಹೇಳುವುದು ಒಂದು ವರ್ಷದ ಬೆಳೆಗಾಗಿ. ಚೀಟಿಯಿಲ್ಲದ ಮದ್ದನ್ನು ತುಂಬಬೇಡಿ ಎಂದು ಹೇಳುವುದು ನಿಮ್ಮ ಎರಡು ಕಣ್ಣಿಗಾಗಿ.

ಹಂದಿಗೆಂದು ಹಣ್ಣಿನಲ್ಲೋ ಹಿಟ್ಟಿನಲ್ಲೋ ಸಿಡಿಮದ್ದು ಅಡಗಿಸಿಡುವುದನ್ನಂತೂ ರೈತರ ಕೆಲಸವೆಂದು ಕರೆಯಲಾಗದು. 2020ರ ಮೇ 27ರಂದು ಕೇರಳದ ಪಾಲಕ್ಕಾಡ್ ಜಿಲ್ಲೆಯ ವೆಳ್ಳಿಯಾರ್ ಹೊಳೆಯಲ್ಲಿ ಅಂಥ ಸಿಡಿಮದ್ದಿನಿಂದ ಬಾಯಿ ಛಿದ್ರವಾದ ಗಬ್ಬದ ಆನೆಯೊಂದು ನೀರಿನಲ್ಲಿ ನಿಂತೇ ಸತ್ತ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಸಿಡಿಮದ್ದಿಗೆ ಹಂದಿ ಯಾವುದು, ಮೇಯಲು ಬಂದ ನೆರೆಮನೆಯ ಹಸು ಯಾವುದು ಎಂದು ತಿಳಿಯದು. ಬದುವಿನ ಮೇಲೆ ತಂತಿ ಕಟ್ಟಿ ತಾನೇ ಹಾರುವಂತೆ ಇಡುವ ಕೋವಿಗೂ, ಬೇಲಿಗೆ ಹರಿಸುವ ಕರೆಂಟಿಗೂ ಇದೇ ಮಾತು. ರಾತ್ರಿ ನೀರು ತಿರುಗಿಸಲು ಬಂದ ಮನುಷ್ಯನೂ ಅವುಗಳಿಗೆ ಒಂದೇ.

ಹೊಡೆಯುವ ಹಕ್ಕು ಎಲ್ಲಿಯವರೆಗೆ?

ಕೋವಿಯ ಪರವಾನಿಗೆ ಎಂದರೆ ಕಾಡುಪ್ರಾಣಿ ಕೊಲ್ಲುವ ಪರವಾನಿಗೆ ಎಂದು ಅನೇಕರು ತಿಳಿದಿದ್ದಾರೆ. ಎರಡೂ ಬೇರೆ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಆನೆ, ನವಿಲು ಮೊದಲ ಅನುಸೂಚಿಯಲ್ಲಿವೆ. ಎರಡನೇ ಅನುಸೂಚಿಯ ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾಗಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು, ಲಿಖಿತ ಅನುಮತಿ ಕೊಡಬಹುದು. ಆ ಕಾಗದ ಕೈಯಲ್ಲಿಲ್ಲದೆ ಹೊಡೆದರೆ ಅಪರಾಧ. ಪ್ರಾಣಿ ಮೈಮೇಲೆ ಬಿದ್ದಾಗ ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಸದುದ್ದೇಶದಿಂದ ಹೊಡೆದದ್ದು ಅಪರಾಧವಲ್ಲ. ಆದರೆ ಆ ರಕ್ಷಣೆ ಪ್ರಾಣಕ್ಕೆ ಮಾತ್ರ, ಪೈರಿಗಲ್ಲ. ಹೀಗೆ ಸತ್ತ ಪ್ರಾಣಿಯ ಮೇಲೂ ಸರ್ಕಾರದ್ದೇ ಹಕ್ಕು.

ಅನುಮತಿ ಇದ್ದಾಗಲೂ ಸದ್ದಿಗೆ ಗುಂಡು ಹೊಡೆಯಬಾರದು. ಪೊದೆ ಅಲುಗಿತು, ಹಂದಿಯೇ ಇರಬೇಕು ಎಂದು ಹೊಡೆದ ಗುಂಡು ಜೊತೆಗೆ ಬಂದ ಗೆಳೆಯನಿಗೆ ತಾಗಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇದೆ. ಕಣ್ಣಾರೆ ಕಂಡು, ಅದರ ಹಿಂದೆ ಏನಿದೆ ಎಂಬುದನ್ನೂ ಕಂಡ ಮೇಲೆಯೇ ಬೆರಳು ಟ್ರಿಗರ್ ಮುಟ್ಟಬೇಕು. ಇದು ಕೂಡ ಗುರಿಯ ಒಂದು ಭಾಗವೇ.

ರೈತರ ಪ್ರಶ್ನೆ, ಸರ್ಕಾರದ ಹೊಣೆ

"ಸಾರ್, ಇದೆಲ್ಲ ಹಗಲು ಹೊತ್ತಿನ ಮಾತು. ರಾತ್ರಿ ಎರಡು ಗಂಟೆಗೆ ಹಿಂಡು ನುಗ್ಗಿ ಗೆಣಸು, ಜೋಳ, ಬತ್ತ ಮೂರನ್ನೂ ಉತ್ತು ಹೋಗುವಾಗ ಅಳತೆ ಗೂಡು ಹುಡುಕುತ್ತಾ ಕೂರುವುದೇ?" ಎಂದು ರೈತರು ಕೇಳಿಯಾರು. ಪ್ರಶ್ನೆ ನ್ಯಾಯವಾದದ್ದೇ. ನಾಲ್ಕು ತಿಂಗಳ ದುಡಿಮೆ ಒಂದು ರಾತ್ರಿಯಲ್ಲಿ ಮಣ್ಣುಪಾಲಾದವರ ಸಂಕಟವನ್ನು ಕಚೇರಿಯ ಕುರ್ಚಿಯಿಂದ ಅಳೆಯಲಾಗದು. ಆದರೆ ಅವಸರ ಇರುವ ಹೊತ್ತಿಗೇ ಅಳತೆ ಮೊದಲೇ ಸಿದ್ಧವಾಗಿರಬೇಕು. ಒಂದೊಂದು ಈಡಿನ ಮದ್ದನ್ನು ಹಗಲಿನಲ್ಲೇ ಅಳೆದು ಪುಟ್ಟ ಬಿಗಿ ಮುಚ್ಚಳದ ಕೊಳವೆಗಳಲ್ಲಿ ತುಂಬಿಟ್ಟುಕೊಂಡರೆ ಕತ್ತಲಲ್ಲಿ ಅಂದಾಜು ಮಾಡುವ ಪ್ರಮೇಯವೇ ಬರುವುದಿಲ್ಲ. ಬರಿಯ ಸದ್ದಿನಿಂದ ಓಡಿಸಲು ಹೊರಟಿರುವಾಗಲೂ ಈ ಅಳತೆ ಬೇಕು. ಗುಂಡಿಲ್ಲದ ಈಡಿನಿಂದಲೂ ಹತ್ತಿರದವರಿಗೆ ಸುಟ್ಟ ಗಾಯ ಆಗುತ್ತದೆ.

ಕೋವಿ ಬೆಳೆ ರಕ್ಷಣೆಯ ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ ಎಂಬುದನ್ನೂ ಹೇಳಬೇಕು. ಅಕ್ಕಪಕ್ಕದ ಹಿಡುವಳಿಗಳವರು ಕೂಡಿ ಹಾಕಿದ ಸೌರ ಬೇಲಿ, ಸರದಿಯ ಕಾವಲು, ಕಾಡಂಚಿನಲ್ಲಿ ಹಂದಿ ಇಷ್ಟಪಡದ ಬೆಳೆ, ನಷ್ಟವಾದಾಗ ತಡಮಾಡದೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಇವೆಲ್ಲ ಅದಕ್ಕೂ ಮೊದಲು ಬರಬೇಕು. ಒಂಟಿಯಾಗಿ ಎಚ್ಚರಿದ್ದು ಕೋವಿ ಹಿಡಿದವನಿಗಿಂತ ಹತ್ತು ಮನೆಯವರ ಸರದಿ ಕಾವಲು ಹೆಚ್ಚು ಬೆಳೆ ಉಳಿಸುತ್ತದೆ.

ಹಾಗೆಂದು ಎಲ್ಲ ಹೊಣೆಯನ್ನೂ ರೈತರ ತಲೆಗೆ ಕಟ್ಟುವುದು ನ್ಯಾಯವಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಹೊಸದಾಗಿ ಪರವಾನಿಗೆ ಪಡೆಯುವವರಿಗೆ ಸುರಕ್ಷತಾ ತರಬೇತಿ ಬೇಕೆಂದು ಹೇಳುತ್ತವೆ. ಒಳ್ಳೆಯ ನಿಯಮ. ಆದರೆ ಆ ತರಬೇತಿಯಲ್ಲಿ ಕೇಪಿನ ಕೋವಿಯ ಪಾಠ ಬೇರೆಯಾಗಿಯೇ ಇರಬೇಕು. ಅಜ್ಜನ ಕಾಲದಿಂದ ಪರವಾನಿಗೆ ಇರುವವರನ್ನೂ ಕೂರಿಸಿ ಕಲಿಸಬೇಕು. ಈಗ ಪರವಾನಿಗೆಯ ನವೀಕರಣ ಐದು ವರ್ಷಕ್ಕೊಮ್ಮೆ. ಆ ಸಂದರ್ಭದಲ್ಲಿ ಹೋಬಳಿ ಕೇಂದ್ರದಲ್ಲಿ ಅರ್ಧ ದಿನದ ಶಿಬಿರ ನಡೆಸಿ, ತಿಳಿದವರಿಂದ ಪ್ರತಿ ನಳಿಗೆಯನ್ನೂ ಪರೀಕ್ಷೆ ಮಾಡಿಸಿ, ಆ ಕೋವಿಗೆ ಹೊಂದುವ ಅಳತೆ ಗೂಡನ್ನು ಕೊಡುವುದು ಪೊಲೀಸ್ ಮತ್ತು ಅರಣ್ಯ ಇಲಾಖೆಗಳು ಕೂಡಿದರೆ ಕಷ್ಟದ ಕೆಲಸವೇನಲ್ಲ. ಔಷಧಿ ಸಿಂಪಡಣೆಗೆ ತರಬೇತಿ ಕೊಡುವ ನಮ್ಮ ಇಲಾಖೆಯೂ ಕೈ ಜೋಡಿಸಬಹುದು. ಅಲ್ಲಿಯೇ 13ನೇ ಕಲಮಿನ ಎರಡನೆಯ ಮಾತನ್ನೂ ತಿಳಿಸಬೇಕು. ಕೇಪಿನ ಕೋವಿ ಸಾಲದೆಂದು ತೋರಿಸಿಕೊಡಬಲ್ಲ ರೈತರು ಕಾರ್ಖಾನೆಯ ತೋಟೆ ಹಾಕುವ ಕೋವಿಗೆ ಅರ್ಜಿ ಸಲ್ಲಿಸಲಿ. ಅಳತೆಯ ತಾಪತ್ರಯದಿಂದ ಪಾರಾಗಲು ಅದೇ ಅತ್ಯಂತ ಸುರಕ್ಷಿತ ದಾರಿ.

ಶಿಬಿರ ನಡೆಯುವವರೆಗೆ ಕಾಯಬೇಕಾಗಿಲ್ಲ. ವಾಚನಾಲಯದಲ್ಲಿ ಇದನ್ನು ಓದಿದವರು ಓದಲು ಬಾರದ ಹಿರಿಯರಿಗೂ ಒಮ್ಮೆ ಓದಿ ಹೇಳಲಿ. ಊರಿನಲ್ಲಿ ಕೇಪಿನ ಕೋವಿ ಇರುವವರು ಒಂದು ಭಾನುವಾರ ಒಂದೆಡೆ ಸೇರಿ, ಪರವಾನಿಗೆ ಇರುವ ರಿಪೇರಿಯವರ ಬಳಿಗೆ ಒಟ್ಟಿಗೆ ಹೋಗಿಬರಲಿ. ಅಳತೆ ಗೂಡಿಗೆ ತಗಲುವ ಹಿತ್ತಾಳೆ ಒಂದು ತೊಲೆ ಎರಡು ತೊಲೆ. ಸಲಾಕೆಯ ಮೇಲೆ ಗೀರು ಹಾಕಲು ಒಂದು ಅರ ಸಾಕು. ಈ ಬಾರಿ ಬತ್ತ ತೆನೆ ಕಟ್ಟುವ ಮೊದಲೇ ಈ ಕೆಲಸ ಮುಗಿಯಲಿ.